ಒಂಬತ್ತೂ ಬರಲಿ

ಜನವರಿ ೫, ಶುಕ್ರವಾರ

ಮುದುಕರು ಹನ್ನೊಂದು ವರ್ಷದ ಮೇಲೆ ಬಾಯಿ ಬಿಟ್ಟಿದ್ದಾರೆ. ಬಿಟ್ಟ ಬಾಯಲ್ಲಿ ಇಂಥ ಮಾತೇ ಬರಬೇಕಿತ್ತೇ? ಹೊಸ ಆಲ್ಬಂ, ಒಂಬತ್ತು ಹಾಡು, ಬಹುಶಃ ಇದೇ ಕೊನೆಯದು. ಅಲ್ಲಿಯವರೆಗೆ ಓದಿ ಕುರ್ಚಿಯಿಂದ ಎದ್ದು ನಿಂತದ್ದು ನಿಜ. ಮುಂದಿನ ಸಾಲಿಗೆ ಮೈಯೆಲ್ಲ ಉರಿದುಹೋಯಿತು. ಹಾಡುಗಳನ್ನು ಮೂರು ವಾರಕ್ಕೊಂದರಂತೆ, ಶುಕ್ರವಾರ, ಇಂಟರ್ನೆಟ್ಟಿನಲ್ಲಿ ಬಿಡುತ್ತಾರಂತೆ. ಒಂಬತ್ತನೆಯದು ಬರುವ ಜೂನ್ ಇಪ್ಪತ್ತೆಂಟಕ್ಕೆ ರೆಕಾರ್ಡು ಅಂಗಡಿಗೆ ಬರುತ್ತದಂತೆ. ಯಾವ ಹಾಡಿನ ಮುಂದೆ ಯಾವುದು ಎಂಬುದೂ ಅವತ್ತೇ ಗೊತ್ತಾಗುವುದು. ನಲವತ್ತು ವರ್ಷ ವೇದಿಕೆ ಅಲುಗಾಡುವ ಹಾಗೆ ರಾಕ್ ನುಡಿಸಿದ ನಾಲ್ಕು ಜನ ಈಗ ಹಾಡನ್ನು ಮಾತ್ರೆಯ ಹಾಗೆ ಕೊಡಲು ಹೊರಟಿದ್ದಾರೆ.

ಮುದುಕರು ಎನ್ನುವುದು ನಮ್ಮ ಅಭಿಮಾನಿಗಳ ಗುಂಪಿನಲ್ಲಿ ಮುದ್ದಿನ ಹೆಸರು, ಹೊರಗಿನವರು ಅಂದರೆ ನಾವು ಸುಮ್ಮನಿರುವುದಿಲ್ಲ. ಗುಂಪಿನಲ್ಲಿ ನಾಲ್ಕು ಸಾವಿರ ಜನ, ಒಂಬತ್ತು ವರ್ಷದಿಂದ ಅಡ್ಮಿನ್ ನಾನು. ಮಧ್ಯಾಹ್ನದೊಳಗೆ ಮುನ್ನೂರು ಕಾಮೆಂಟು ಬಿದ್ದಿದ್ದವು. ನಾನು ಕೆಲಸ ಮಾಡುವ ಮುದ್ರಣದ ಪ್ರೆಸ್ಸಿನ ಊಟದ ಬಿಡುವಿನಲ್ಲಿ ಅಷ್ಟನ್ನೂ ಓದಿ ತಲೆನೋವು ತಂದುಕೊಂಡೆ.

ಸಂಜೆ ಅಣ್ಣನ ಫೋನು.

"ಮೊಂಡೀ, ನೋಡಿದ್ಯಾ?" ಐವತ್ತೆರಡು ತುಂಬಿದ ಮೇಲೂ ನಾನು ಅವನಿಗೆ ಮೊಂಡಿಯೇ.

"ನೋಡ್ದೆ. ತಲೆ ಕೆಟ್ಟಿದೆ ಅವರಿಗೆ."

"ಈ ಸಲ ಏನ್ ಮಾಡೋಣ ಹಾಗಾದ್ರೆ?"

"ಮಾಡೋದೇನು? ಒಂಬತ್ತೂ ಬರಲಿ. ಆಮೇಲೆ ಕೂತು ಕೇಳೋಣ."

ಅವನು ನಕ್ಕ, ನಗು ಕೆಮ್ಮಾಯಿತು. ಈ ಕೆಮ್ಮು ಎರಡು ತಿಂಗಳಿಂದ ಇದೆ. ತೋರಿಸು ಅಂದರೆ, ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತವರಿಗೆಲ್ಲ ಕೆಮ್ಮು ಇದ್ದದ್ದೇ ಅನ್ನುತ್ತಾನೆ.

ನಮ್ಮಿಬ್ಬರ ನಿಯಮ ನನಗೆ ಹನ್ನೆರಡು, ಅವನಿಗೆ ಹದಿನಾರು ಇದ್ದಾಗಿನದು. ಮುದುಕರ ಎರಡನೇ ರೆಕಾರ್ಡು ಬಂದ ವಾರ ನಾನು ಗೆಳತಿಯ ಮನೆಯಲ್ಲಿ ಅದರ ಒಂದು ಹಾಡು ಕೇಳಿಬಂದೆ ಎಂದು ಅಣ್ಣ ಒಂದು ತಿಂಗಳು ಮಾತು ಬಿಟ್ಟಿದ್ದ. ಕೊನೆಗೆ ರಾಜಿಯಾದದ್ದು ಹೀಗೆ: ಹೊಸ ರೆಕಾರ್ಡನ್ನು ಮೊದಲ ಸಲ ಇಬ್ಬರೂ ಜೊತೆಗೇ ಕೇಳಬೇಕು, ಎರಡೂ ಬದಿ, ಒಂದೇ ಪಟ್ಟಿಗೆ ಕೂತು, ಮಾತಿಲ್ಲದೆ. ಅದಕ್ಕೆ ಮುಂಚೆ ಒಂದು ಸಾಲೂ ಕಿವಿಗೆ ಬೀಳಬಾರದು. ಅಲ್ಲಿಂದ ಈಚೆಗೆ ಒಂಬತ್ತು ರೆಕಾರ್ಡು ಬಂದಿವೆ. ಅವನ ಮಗಳು ಹುಟ್ಟಿದ ವಾರ ಒಂದು ಬಂತು, ನನ್ನ ಮದುವೆ ಮುರಿದ ವಾರ ಒಂದು ಬಂತು. ಒಂದು ಸಲವೂ ತಪ್ಪಿಲ್ಲ.

ಜನವರಿ ೧೨, ಶುಕ್ರವಾರ

ಮೊದಲ ಹಾಡು ಹೊರಬಿತ್ತು. ನಾನು ಕೇಳಲಿಲ್ಲ. ಗುಂಪಿನಲ್ಲಿ ಉದ್ದದ ಪೋಸ್ಟ್ ಹಾಕಿದೆ, ಮೂರು ದಿನದಿಂದ ತಿದ್ದಿ ತಿದ್ದಿ ಬರೆದದ್ದು. ಆಲ್ಬಂ ಎಂದರೆ ಒಂದು ಮನೆ, ಬಾಗಿಲು ಒಂದು ಕಡೆ ಕಿಟಕಿ ಒಂದು ಕಡೆ ಕೊಟ್ಟರೆ ವಾಸ ಮಾಡಲಾಗುವುದಿಲ್ಲ, ಮುದುಕರ ಮರ್ಯಾದೆ ಉಳಿಸಬೇಕಾದವರು ನಾವು, ಜೂನ್ ತನಕ ಕಿವಿ ಮುಚ್ಚಿಕೊಳ್ಳೋಣ ಎಂದೆ. ಇನ್ನೂರು ಜನ ಒಪ್ಪಿದರು. ನಮಗೆ 'ಕಾಯುವವರು' ಎಂದು ಹೆಸರೂ ಬಿತ್ತು. ಕೇಳುವವರಿಗೆ ನಾನೇ 'ನುಂಗುವವರು' ಎಂದು ಹೆಸರಿಟ್ಟೆ.

ನುಂಗುವವರ ಮುಂದಾಳು ಹಲ್ಲಿನ ಡಾಕ್ಟರ್. ಮುಖ ನೋಡಿಲ್ಲ, ಆರು ವರ್ಷದಿಂದ ಜಗಳ ಮಾತ್ರ ಗೊತ್ತು. "ಮೇಡಂ, ಮಗೂಗೆ ಹಲ್ಲು ಒಂದೊಂದೇ ಬರೋದು. ಎಲ್ಲಾ ಬರಲಿ ಅಂತ ಅದು ನಗದೇ ಕೂತಿರತ್ತಾ?" ಎಂದು ಬರೆದ. ಅದಕ್ಕೆ ನಾನೂರು ಮೆಚ್ಚುಗೆ. "ನಿಮ್ಮ ಹತ್ರ ಬಂದವರು ನಗೋದನ್ನ ನಾನಂತೂ ನೋಡಿಲ್ಲ" ಎಂದು ನಾನು ಬರೆದೆ, ನನಗೆ ನಾನೂರ ಮೂವತ್ತು. ಇವತ್ತು ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬರುತ್ತದೆ.

ಜನವರಿ ೨೪, ಬುಧವಾರ

ಅಣ್ಣನ ಎಡ ಶ್ವಾಸಕೋಶದಲ್ಲಿ ಗಡ್ಡೆಯಿದೆ. ಆಪರೇಷನ್ ಮಾಡುವ ಜಾಗದಲ್ಲಿಲ್ಲ. ಅತ್ತಿಗೆ ಫೋನಿನಲ್ಲಿ ಹೇಳಿದ್ದನ್ನು ಎರಡು ಸಲ ಹೇಳಿಸಿಕೊಂಡೆ.



ಫೆಬ್ರವರಿ ೨, ಶುಕ್ರವಾರ

ಅಣ್ಣನಿಗೆ ಇವತ್ತು ಕೀಮೋದ ಮೊದಲ ಡ್ರಿಪ್. ಮೂರು ವಾರಕ್ಕೊಂದು ಸಲ, ಒಟ್ಟು ಆರು. ಪ್ರೆಸ್ಸಿಗೆ ರಜೆ ಹಾಕಿ ಜೊತೆಗೆ ಹೋದೆ. ಉದ್ದನೆಯ ಕೋಣೆ, ಹನ್ನೆರಡು ಒರಗು ಕುರ್ಚಿ, ಪ್ರತಿಯೊಂದರ ಪಕ್ಕ ಒಂದು ಕಂಬ, ಕಂಬದಲ್ಲಿ ಚೀಲ. ಕಿಟಕಿಯಾಚೆ ಕಾರು ನಿಲ್ಲಿಸುವ ಜಾಗ ಬಿಟ್ಟರೆ ನೋಡಲು ಏನೂ ಇಲ್ಲ. ನರ್ಸ್ ಬಂದು ವಾಂತಿ, ಬಾಯಿಹುಣ್ಣು, ಬೆರಳು ಜೋಮು, ಕಿವಿಯಲ್ಲಿ ಸದ್ದು, ಏನಾದರೂ ಆದರೆ ತಕ್ಷಣ ಹೇಳಿ ಎಂದು ಪಟ್ಟಿ ಓದಿದಳು. ಅಣ್ಣ ಎಲ್ಲದಕ್ಕೂ ಹೂಂ ಅಂದ.

"ಇವತ್ತು ಎರಡನೇ ಹಾಡಲ್ವಾ?" ಅಂತ ನನ್ನನ್ನು ಕೇಳಿದ.

"ಹೌದು."

"ನೋಡು, ಅವರದ್ದೂ ಮೂರು ವಾರ, ನಂದೂ ಮೂರು ವಾರ. ಮಾತಾಡ್ಕೊಂಡು ಮಾಡಿದ ಹಾಗಿದೆ."

ಇಂಥ ಮಾತಿಗೆ ನಗುವುದೋ ಅಳುವುದೋ. ನಾನು ವಿಷಯ ಬದಲಿಸಲು ಗುಂಪಿನ ಜಗಳ ಓದಿ ಹೇಳಿದೆ. ಮತದಾನ ಇಟ್ಟಿದ್ದೆ: ಕಾಯುವವರು ಆರುನೂರ ಹನ್ನೆರಡು, ನುಂಗುವವರು ಐನೂರ ತೊಂಬತ್ತು. ಗೆದ್ದದ್ದು ನಾವು. ಅಣ್ಣ ಚೀಲದಿಂದ ಇಳಿಯುವ ಹನಿಗಳನ್ನು ನೋಡುತ್ತಾ "ಭೇಷ್" ಅಂದ.

ಮಾರ್ಚ್ ೧೬, ಶನಿವಾರ

ನಿನ್ನೆ ಮೂರನೇ ಡ್ರಿಪ್, ಇವತ್ತು ಅವನನ್ನು ನೋಡಲು ಹೋಗಿದ್ದೆ. ಕೂದಲು ಪೂರ್ತಿ ಹೋಗಿದೆ. ತಲೆಯ ಹಿಂದೆ ಒಂದು ಹಳೇ ಗಾಯದ ಗುರುತಿರುವುದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಅತ್ತಿಗೆ ಕೊಟ್ಟ ಸೂಪನ್ನು ಎರಡು ಚಮಚ ಕುಡಿದು ಪಕ್ಕಕ್ಕಿಟ್ಟ. ಅವಳು ಒಳಗೆ ಹೋಗುವ ತನಕ ಕಾದು ನನ್ನ ಕಡೆ ವಾಲಿದ.

"ಮೊಂಡೀ, ನಾಲ್ಕು ಹಾಡು ಬಂದಿದೆಯಲ್ಲ. ಒಂದೇ ಒಂದು ಹಾಕೇ."

"ನಿಯಮ?"

"ನಿಯಮ ಮಾಡ್ದೋರು ನಾವೇ ಅಲ್ವಾ?"

"ಸುಮ್ನಿರು. ಜೂನ್ ಎಷ್ಟು ದೂರ ಇದೆ? ನೀನು ಈಗಲೇ ಹೀಗೆ ಆಡಿದ್ರೆ ಮುಂದೆ ಹೇಗೆ?"

ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ "ಆಯ್ತಮ್ಮ, ಒಂಬತ್ತೂ ಬರಲಿ" ಅಂದು ಕಣ್ಣು ಮುಚ್ಚಿಕೊಂಡ.

ನಾನು ಮಾಡಿದ್ದು ಸರಿ. ಈಗ ಹಾಡು ಹಾಕಿದರೆ ಅವನು ಜೂನ್ ತನಕ ಇರುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ. ಅವನು ಅದನ್ನು ನನ್ನ ಮುಖದಲ್ಲಿ ಓದಿಬಿಡುತ್ತಾನೆ. ಕಾಯಲು ಒಂದು ಕಾರಣವಿದ್ದರೆ ಮನುಷ್ಯ ಕಾಯುತ್ತಾನೆ. ಅದೂ ಅಲ್ಲದೆ ಆರುನೂರು ಜನರಿಗೆ ಒಂದು ಹೇಳಿ ಮನೆಯಲ್ಲಿ ಇನ್ನೊಂದು ಮಾಡುವ ಜಾತಿ ನನ್ನದಲ್ಲ. ಇದನ್ನು ಇಲ್ಲಿ ಬರೆಯುವ ಅಗತ್ಯವೇನಿತ್ತೋ.

ಮಾರ್ಚ್ ೧೯, ಮಂಗಳವಾರ

ಹಲ್ಲಿನ ಡಾಕ್ಟರನ್ನು ಗುಂಪಿನಿಂದ ಹೊರಗೆ ಹಾಕಿದೆ.

ನಾಲ್ಕನೇ ಹಾಡಿನಲ್ಲಿ ಮುದುಕರ ಗಾಯಕನ ದನಿ ಒಡೆದಿದೆ, ಆದರೂ ಎದೆಗೆ ನಾಟುತ್ತದೆ ಎಂದು ಅವನು ಬರೆದಿದ್ದ. ಹಾಡಿನ ಗುಟ್ಟು ಬಿಡಬೇಡಿ ಎಂದು ನಾನು ಎಚ್ಚರಿಸಿದೆ. ಅಲ್ಲಿಗೆ ಸುಮ್ಮನಿರಬಹುದಿತ್ತಲ್ಲ? "ಎಲ್ಲರ ಹತ್ರಾನೂ ಜೂನ್ ತನಕ ಟೈಮ್ ಇದೆ ಅಂತ ಯಾಕೆ ಅಂದ್ಕೋತೀರಿ ಮೇಡಂ?" ಎಂದು ಬರೆದ. ಅವನಿಗೆ ಅಣ್ಣನ ವಿಷಯ ಗೊತ್ತಿರಲು ಸಾಧ್ಯವೇ ಇಲ್ಲ, ಸುಮ್ಮನೆ ಬಾಯಿಗೆ ಬಂದದ್ದು ಬರೆದಿದ್ದಾನೆ. ಆದರೂ ಬಿಡಲಾಗಲಿಲ್ಲ. ವೈಯಕ್ತಿಕ ಟೀಕೆ ಎಂದು ಕಾರಣ ಬರೆದು ತೆಗೆದುಹಾಕಿದೆ. ಎಂಬತ್ತು ಜನ ಅವನ ಹಿಂದೆಯೇ ಹೊರಟುಹೋದರು. ಹೋಗಲಿ, ಪೀಡೆ ತೊಲಗಿತು.

ಏಪ್ರಿಲ್ ೭, ಭಾನುವಾರ

ಅಣ್ಣನ ಮನೆಯಲ್ಲಿ ಟೀವಿಯ ಸದ್ದು ಬೀದಿಗೆ ಕೇಳುತ್ತಿತ್ತು. ಒಳಗೆ ಹೋಗಿ ತಗ್ಗಿಸಿದೆ.

"ಯಾಕೋ ಕಿವಿಯಲ್ಲಿ ಒಂದೇ ಸಮ ಕುಂಯ್ ಅಂತಿದೆ ಮೊಂಡೀ. ಹೋದ ಸಲ ಡ್ರಿಪ್ ಆದ್ಮೇಲೆ ಶುರುವಾಗಿದ್ದು, ಈಗ ಜಾಸ್ತಿ."

"ಮೂವತ್ತೆಂಟು ವರ್ಷ ಲೇತ್ ಪಕ್ಕ ನಿಂತಿದ್ದೀಯ. ಕುಂಯ್ ಅನ್ನದೆ ಇನ್ನೇನು?" ಎಂದೆ. "ಇಲ್ಲಾ, ಮುದುಕರು ನಿನಗೆ ಮಾತ್ರ ಹತ್ತನೇ ಹಾಡು ಬಿಟ್ಟಿರ್ಬೇಕು."

ಅವನಿಗೆ ನಗು ಬಂತು. ಅತ್ತಿಗೆಗೂ ಬಂತು. ಆ ಮನೆಯಲ್ಲಿ ಎಲ್ಲರೂ ಕೂಡಿ ನಕ್ಕದ್ದು ಎಷ್ಟೋ ದಿನದ ಮೇಲೆ. ಅವಳು ಬಾಗಿಲ ತನಕ ಬಂದು "ನೀವು ಬಂದ್ರೆ ಅವರಿಗೆ ಜೀವ ಬರತ್ತೆ" ಅಂದಳು. ಬಸ್ಸಿನಲ್ಲಿ ಬರುವಾಗ ಮನಸ್ಸು ಹಗುರವಾಗಿತ್ತು.

ಏಪ್ರಿಲ್ ೨೬, ಶುಕ್ರವಾರ

ಐದನೇ ಡ್ರಿಪ್. ಆರನೇ ಹಾಡು.

ಮುದುಕರ ಪ್ರಕಟಣೆ: ಗಾಯಕನ ಗಂಟಲಿಗೆ ವಿಶ್ರಾಂತಿ ಬೇಕಂತೆ, ಉಳಿದ ಮೂರು ಹಾಡೂ ರೆಕಾರ್ಡೂ ಒಟ್ಟಿಗೇ ಆಗಸ್ಟ್ ಮೂವತ್ತಕ್ಕೆ. ಗುಂಪಿನಲ್ಲಿ ಕಾಯುವವರು ಗೆದ್ದೆವು ಎಂದು ಕುಣಿಯುತ್ತಿದ್ದಾರೆ, ಮೂರು ಹಾಡಾದರೂ ಒಟ್ಟಿಗೆ ಬರುತ್ತವಲ್ಲ ಎಂದು. ನನ್ನನ್ನೂ ಹೊಗಳುತ್ತಿದ್ದಾರೆ. ನಾನು ಬೆರಳು ಮಡಚಿ ಎಣಿಸಿದೆ. ಮೇ, ಜೂನ್, ಜುಲೈ, ಆಗಸ್ಟ್.



ಮೇ ೮, ಬುಧವಾರ

ಇದನ್ನು ಬರೆಯಲೇಬೇಕು, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ನಾನು ಇಪ್ಪತ್ತಾರು ವರ್ಷದಿಂದ ಮಾಡುತ್ತಿರುವ ಕೆಲಸವೆಂದರೆ ಔಷಧದ ಡಬ್ಬಿಯೊಳಗೆ ಮಡಚಿಡುವ ಚೀಟಿಗಳನ್ನು ತಾಳೆ ನೋಡುವುದು. ಎಡಕ್ಕೆ ಕಂಪನಿ ಒಪ್ಪಿದ ಪ್ರತಿ, ಬಲಕ್ಕೆ ನಮ್ಮ ಮುದ್ರಣ, ಮೇಲೆ ಭೂತಗನ್ನಡಿ, ಕೆಳಗೆ ಸ್ಕೇಲು. ನಮ್ಮಲ್ಲಿ ಒಂದು ಪದ್ಧತಿಯಿದೆ: ಚೀಟಿಯನ್ನು ಕೊನೆಯ ಪದದಿಂದ ಮೊದಲನೆಯದಕ್ಕೆ, ಹಿಂದುಮುಂದಾಗಿ ಓದುತ್ತೇವೆ. ನೇರ ಓದಿದರೆ ಅರ್ಥದ ಹಿಂದೆ ಕಣ್ಣು ಓಡಿ ತಪ್ಪು ಜಾರಿಹೋಗುತ್ತದೆ. ಹೊಸಬರಿಗೆ ನಾನೇ ಕಲಿಸುತ್ತೇನೆ, ಅರ್ಥ ಮಾಡ್ಕೋಬೇಡಿ, ಅಕ್ಷರ ನೋಡಿ ಎಂದು.

ಇವತ್ತು ಮರುಮುದ್ರಣಕ್ಕೆ ಒಂದು ಚೀಟಿ ಬಂತು. ಮೇಲಿನ ಹೆಸರು ನೋಡಿ ಕೈ ನಿಂತಿತು. ಅಣ್ಣನ ಚೀಲದ ಮೇಲೆ ಐದು ಸಲ ನೋಡಿದ ಹೆಸರು. ಮೊದಲ ಬಾರಿಗೆ ಒಂದು ಚೀಟಿಯನ್ನು ಮೊದಲಿನಿಂದ ಕೊನೆಗೆ ಓದಿದೆ. ಕಿವಿಯಲ್ಲಿ ಸದ್ದು ಶುರುವಾದರೆ ಕೂಡಲೇ ವೈದ್ಯರಿಗೆ ತಿಳಿಸಿ. ಶ್ರವಣ ಶಕ್ತಿ ಕುಂದಬಹುದು. ಕುಂದಿದ್ದು ಮರಳಿ ಬರದೇ ಇರಬಹುದು. ದೊಡ್ಡ ಸದ್ದಿನಲ್ಲಿ ಕೆಲಸ ಮಾಡಿದವರಿಗೆ ಅಪಾಯ ಹೆಚ್ಚು.

ಕೆಳಗೆ ಹಿಂದಿನ ಮುದ್ರಣದ ತಾರೀಖು, ಎರಡು ವರ್ಷ ಹಳೆಯದು. ಕಡತ ತೆಗೆಸಿ ನೋಡಿದೆ. ತಾಳೆ ನೋಡಿದವರು ಎಂಬಲ್ಲಿ ನನ್ನ ಸಹಿ ಇತ್ತು. ತಪ್ಪು ಒಂದೂ ಇರಲಿಲ್ಲ.

ಸೂಪರ್‌ವೈಸರ್ ಬಂದು "ಯಾಕೆ ಮೇಡಂ, ಏನಾದ್ರೂ ಎಡವಟ್ಟಾಗಿದೆಯಾ?" ಅಂದರು. ಇಲ್ಲ ಎಂದೆ. ಪ್ರೆಸ್ಸಿನಿಂದಲೇ ಅತ್ತಿಗೆಗೆ ಫೋನು ಮಾಡಿದೆ. "ಎರಡು ವಾರದಿಂದ ಕೂಗಿ ಕೂಗಿ ನನ್ನ ಗಂಟಲು ಕಟ್ಟಿದೆ. ನಿಶ್ಶಕ್ತಿ ಅಂದ್ಕೊಂಡಿದ್ವಿ" ಅಂದಳು. ಎರಡು ವಾರದಿಂದ ನಾನು ಆ ಕಡೆ ಹೋಗಿರಲಿಲ್ಲ.

ಮೇ ೧೦, ಶುಕ್ರವಾರ

ಕಿವಿ ಪರೀಕ್ಷೆಗೆ ಅಣ್ಣನನ್ನು ನಾನೇ ಕರೆದುಕೊಂಡು ಹೋದೆ, ಅತ್ತಿಗೆಯೂ ಬಂದಳು. ಗೋಡೆಗೆಲ್ಲ ಸ್ಪಂಜು ಹೊದಿಸಿದ ಪುಟ್ಟ ಕೋಣೆ, ನಡುವೆ ಗಾಜು. ಅಣ್ಣ ಹೆಡ್‌ಫೋನು ಹಾಕಿಕೊಂಡು ಕೈಯಲ್ಲಿ ಗುಂಡಿ ಹಿಡಿದು ಕೂತ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಈಚೆ ಪರೀಕ್ಷೆ ಮಾಡುವವಳು ಒಂದೊಂದೇ ಸದ್ದು ಬಿಡುತ್ತಾ ಹೋದಳು. ಅವನು ಒತ್ತಲು ತಯಾರಾಗಿ, ಕತ್ತು ಮುಂದೆ ಚಾಚಿ, ಕಾಯುತ್ತಲೇ ಇದ್ದ. ಒಮ್ಮೊಮ್ಮೆ ಏನೂ ಇಲ್ಲದಾಗಲೂ ಒತ್ತುತ್ತಿದ್ದ. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಕೆಳಗಿನ ದನಿಗಳು ಮಸುಕಾಗಿ ಉಳಿದಿವೆ, ಮೇಲಿನವು ಹೋಗಿವೆ. ಕಿವಿಗೆ ಯಂತ್ರ ಹಾಕಿದರೆ ಎದುರು ಕೂತವರ ಮಾತು ಅಷ್ಟಿಷ್ಟು ಹಿಡಿಯಬಹುದಂತೆ.

"ಹಾಡು?" ಎಂದು ಕೇಳಿದೆ.

"ಮಾತಿಗೆ ಮಾಡಿರೋ ಯಂತ್ರ ಅದು. ಹಾಡು ತಗಡು ಬಡಿದ ಹಾಗೆ ಕೇಳಬಹುದು. ಕೆಲವರು ಹಾಡು ಬಂದ್ರೆ ತೆಗೆದಿಟ್ಟುಬಿಡ್ತಾರೆ" ಅಂದಳು. "ಸದ್ದು ಶುರುವಾದಾಗಲೇ ಹೇಳಿದ್ರೆ ಡಾಕ್ಟರು ಔಷಧಿ ಬದಲಿಸ್ತಿದ್ರು. ಆಸ್ಪತ್ರೆಯಲ್ಲಿ ಯಾರಿಗೂ ಹೇಳಿರ್ಲಿಲ್ವಾ?"

ಅತ್ತಿಗೆ ಇಲ್ಲ ಎಂದು ತಲೆ ಆಡಿಸಿದಳು. ನನಗೆ ಹೇಳಿದ್ದ. ನಾನು ಜೋಕು ಮಾಡಿದ್ದೆ. ಅದನ್ನು ಅಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ನನಗಾಗಲಿಲ್ಲ.

ಮೇ ೧೯, ಭಾನುವಾರ

ಅಣ್ಣನ ಮಗಳು ಬಂದಿದ್ದಳು. ಅವಳು ನರ್ಸರಿ ಟೀಚರು, ಮಕ್ಕಳ ಜೊತೆ ಇದ್ದೂ ಇದ್ದೂ ಯಾರನ್ನೂ ನೋಯಿಸದ ಹಾಗೆ ಮಾತಾಡುವುದು ಕಲಿತಿದ್ದಾಳೆ. ಇಬ್ಬರೂ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆವು. ನಾನೇ ಕೆದಕಿದೆ.

"ಮುದುಕರ ಹಾಡು ನೀನಾದ್ರೂ ಅವನಿಗೆ ಕೇಳಿಸಿದ್ಯೇನೆ? ನಿಜ ಹೇಳು, ನಾನು ಬೇಜಾರು ಮಾಡ್ಕೊಳಲ್ಲ."

ಹೌದು ಅನ್ನಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದೆ. ನಿಯಮ ಮುರಿದಿದ್ದಾನೆ, ನನಗೆ ಮೋಸ ಮಾಡಿದ್ದಾನೆ ಎಂದು ಕೇಳಲು ಅಷ್ಟು ಆಸೆಪಟ್ಟಿದ್ದೆ.

ಅವಳು ತಟ್ಟೆ ಕೆಳಗಿಟ್ಟಳು. "ಐದನೇದು ಬಂದಾಗ ಅವರಿಗೆ ಇನ್ನೂ ಕೇಳಿಸ್ತಿತ್ತು ಅತ್ತೆ. ನಾನು ಫೋನ್ ಹಿಡ್ಕೊಂಡು ಹೋಗಿ ಹಾಕ್ಲಾ ಅಪ್ಪ ಅಂತ ಕೇಳ್ದೆ. ಬೇಡ, ಮೊಂಡಿ ಕಾಯ್ತಿದ್ದಾಳೆ ಅಂದ್ರು."

"ಅಷ್ಟೇನಾ?"

"ನಾನು ಬಿಡ್ಲಿಲ್ಲ. ಒಂದೇ ಒಂದು, ಅತ್ತೆಗೆ ಹೇಳಲ್ಲ ಅಂದೆ. ಅವಳಿಗೆ ಗೊತ್ತಾಗತ್ತೆ ಅಂತಲ್ಲ ಕಣೇ, ಆಮೇಲೆ ಅವಳಿಗೆ ಮುಖ ಕೊಟ್ಟು ಜೊತೆಗೆ ಕೂರೋಕೆ ನನಗಾಗಲ್ಲ ಅಂದ್ರು."

ಪಾತ್ರೆ ಒರೆಸಿ ಮುಗಿಸಿ ಮನೆಗೆ ಬಂದೆ. ದಾರಿಯಲ್ಲಿ ಇಳಿಯಬೇಕಾದ ನಿಲ್ದಾಣ ದಾಟಿ ಮೂರು ನಿಲ್ದಾಣ ಮುಂದೆ ಹೋಗಿದ್ದೆ.

ಮೇ ೨೦, ಸೋಮವಾರ

ಜನವರಿಯಲ್ಲಿ ಗುಂಪಿಗೆ ಹಾಕಿದ್ದ ಆ ಉದ್ದದ ಪೋಸ್ಟನ್ನು ಅಳಿಸಿದೆ.

ಜೂನ್ ೨೬, ಬುಧವಾರ

ಸ್ಕ್ಯಾನ್ ಬಂತು. ಗಡ್ಡೆ ಅರ್ಧಕ್ಕಿಂತ ಸಣ್ಣದಾಗಿದೆ. ಕೊನೆಯ ಡ್ರಿಪ್ಪಿಗೆ ಔಷಧ ಬದಲಿಸಿದ್ದರು, ಆದರೂ ಫಲ ಕೊಟ್ಟಿದೆ. ಡಾಕ್ಟರು ಮೊದಲ ಸಲ ನಕ್ಕರು. ಅತ್ತಿಗೆ ಅಲ್ಲೇ ಕಾರಿಡಾರಿನಲ್ಲಿ ಕೂತು ಅತ್ತಳು. ಎಲ್ಲರೂ ಹೇಳುವುದು ಒಂದೇ, ಜೀವ ಉಳಿಯಿತಲ್ಲ, ಕಿವಿ ಹೋದರೆ ಏನಂತೆ. ನಿಜ. ನಾನೂ ಅದನ್ನೇ ಹೇಳುತ್ತೇನೆ. ಎಲ್ಲರ ಮುಂದೆ ಹೇಳಿ ಮುಗಿಸಿ ಆಸ್ಪತ್ರೆಯ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಯಂತ್ರ ಹಾಕಿಕೊಂಡ ಮೇಲೆ ಅಣ್ಣ ಜೋರಾಗಿ ಮಾತಾಡುತ್ತಾನೆ. ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ.

ಜುಲೈ ೧೩, ಶನಿವಾರ

ಹಲ್ಲಿನ ಡಾಕ್ಟರನ್ನು ಗುಂಪಿಗೆ ಮರಳಿ ಸೇರಿಸಿದೆ. ಒಂದು ಗಂಟೆಯೊಳಗೆ ಖಾಸಗಿಯಾಗಿ "ಏನು ಮೇಡಂ, ಗ್ರಹಗತಿ ಬದಲಾಯ್ತಾ?" ಎಂದು ಬರೆದ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದಿರುವ ಆರು ಹಾಡುಗಳಲ್ಲಿ ಡ್ರಮ್ಮು, ಬೇಸ್ ಗಿಟಾರು ಜೋರಾಗಿರುವುದು ಯಾವುದು, ನೆಲ ಅದುರುವ ಹಾಗಿರುವುದು ಯಾವುದು, ಹೇಳುತ್ತೀರಾ ಎಂದು ಕೇಳಿದೆ. ನೀವೇ ಕೇಳಬಹುದಲ್ಲ ಎಂದ. ನಾನು ಕೇಳುವ ಹಾಗಿಲ್ಲ, ಅಣ್ಣನ ಜೊತೆ ಕೇಳಬೇಕು, ಅಣ್ಣನ ಕಿವಿ ಈಗ ಹೋಗಿದೆ ಎಂದೆ.

ಸಂಜೆ ಆರೂ ಹಾಡಿನ ಬಗ್ಗೆ ಬರೆದು ಕಳಿಸಿದ. ಎಷ್ಟನೇ ನಿಮಿಷಕ್ಕೆ ಡ್ರಮ್ಮು ಶುರು, ಎಲ್ಲಿ ನಿಲ್ಲುತ್ತದೆ, ಎಲ್ಲಿ ದನಿ ಮಾತ್ರ, ಎಲ್ಲ ಲೆಕ್ಕ ಹಾಕಿ. ಕೊನೆಯಲ್ಲಿ "ಸ್ಪೀಕರನ್ನ ಮರದ ಹಲಗೆ ಮೇಲಿಡಿ, ಕಾರ್ಪೆಟ್ ಮೇಲೆ ಬೇಡ" ಎಂದಿತ್ತು. ಮಾರ್ಚಿನ ಮಾತು ಅವನು ಎತ್ತಲಿಲ್ಲ. ಕ್ಷಮಿಸಿ ಎಂದು ನಾನೇ ಬರೆದೆ. "ಇರ್ಲಿ ಬಿಡಿ ಮೇಡಂ, ನನ್ನ ಬಾಯೂ ಅಷ್ಟು ಒಳ್ಳೇದಲ್ಲ" ಎಂದ.

ಆಗಸ್ಟ್ ೩೦, ಶುಕ್ರವಾರ

ರೆಕಾರ್ಡು ಬಂತು. ಅಂಗಡಿ ತೆರೆಯುವ ಮುಂಚೆಯೇ ಹೊರಗೆ ಮೂವತ್ತು ಜನ ಸಾಲಿನಲ್ಲಿದ್ದರು, ಅರ್ಧ ಜನರ ತಲೆ ನನ್ನ ತಲೆಗಿಂತ ಬೆಳ್ಳಗಿತ್ತು. ಒಬ್ಬ ನನ್ನನ್ನು ಗುರುತು ಹಿಡಿದು "ಕಾಯುವವರ ಅಡ್ಮಿನ್ ನೀವೇ ಅಲ್ವಾ? ನಿಮ್ಮಿಂದ ನಾನೂ ಒಂದು ಹಾಡೂ ಕೇಳಿಲ್ಲ" ಎಂದು ಕೈ ಕುಲುಕಿದ. ಕೈ ಬಿಡಿಸಿಕೊಂಡು ಬಂದುಬಿಟ್ಟೆ.

ಸಂಜೆ ಹಲ್ಲಿನ ಡಾಕ್ಟರು ಸಂದೇಶ ಕಳಿಸಿದರು. ಒಂಬತ್ತೂ ಕೇಳಿದ್ದಾರೆ. ಮೊದಲ ಬದಿಯಲ್ಲಿ ಐದು ಹಾಡು, ನಾಲ್ಕರಲ್ಲಿ ಡ್ರಮ್ಮು ಚೆನ್ನಾಗಿದೆ. "ಐದನೇದರಲ್ಲಿ ಗಾಯಕನ ದನಿ, ಒಂದು ಗಿಟಾರು, ಅಷ್ಟೇ. ಅಲ್ಲಿ ಅವರಿಗೆ ಏನೂ ಸಿಗಲ್ಲ ಮೇಡಂ. ನಾಲ್ಕು ಮುಗಿದ ಕೂಡಲೇ ಬದಿ ತಿರುಗಿಸಿಬಿಡಿ" ಎಂದು ಬರೆದಿದ್ದರು.

ಸೆಪ್ಟೆಂಬರ್ ೧, ಭಾನುವಾರ

ಮಧ್ಯಾಹ್ನ ಮೂರಕ್ಕೆ ಕೂತೆವು. ಅಣ್ಣನ ಕೋಣೆ, ಪರದೆ ಎಳೆದು, ಬಾಗಿಲು ಅರ್ಧ ಮುಚ್ಚಿ. ಅವನು ಬೆಳಿಗ್ಗೆಯೇ ಗಡ್ಡ ಮಾಡಿಕೊಂಡು ಒಗೆದ ಅಂಗಿ ಹಾಕಿಕೊಂಡು ತಯಾರಾಗಿದ್ದನಂತೆ. ಹಲಗೆ ತಂದು ಸ್ಪೀಕರು ಅದರ ಮೇಲಿಟ್ಟೆ, ಅವನ ಕುರ್ಚಿಯನ್ನು ಹಲಗೆಗೆ ತಾಗಿಸಿದೆ. ಅವನು ಚಪ್ಪಲಿ ಬಿಟ್ಟು ಎರಡೂ ಪಾದ ಹಲಗೆಯ ಮೇಲೆ ಊರಿದ. ಕಿವಿಯಿಂದ ಯಂತ್ರ ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ.

"ಹಾಕು ಮೊಂಡೀ" ಎಂದು ಬೀದಿಗೆ ಕೇಳುವ ಹಾಗೆ ಹೇಳಿದ.

ಮೊದಲ ನಾಲ್ಕು ಹಾಡು ಹೇಗಿದ್ದವು ಎಂದರೆ ನನಗೆ ಹೇಳಲು ಬರುವುದಿಲ್ಲ. ಹನ್ನೊಂದು ವರ್ಷ ಕಾದು, ಎಂಟು ತಿಂಗಳು ಜಗಳವಾಡಿ, ನಾನು ಕೇಳಲೇ ಇಲ್ಲ. ಅವನ ಬೆರಳುಗಳನ್ನು ನೋಡುತ್ತಿದ್ದೆ. ಡ್ರಮ್ಮು ಶುರುವಾದಾಗ ಪಾದಕ್ಕೆ ಅದು ತಲುಪಿತು, ಮುಖ ಬೆಳಗಿತು, ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕತೊಡಗಿತು. ಒಂದು ಕಡೆಯೂ ತಪ್ಪಲಿಲ್ಲ. ಕಣ್ಣು ಮುಚ್ಚಿಕೊಂಡ.

ನಾಲ್ಕು ಮುಗಿಯಿತು. ಸೂಜಿ ಎತ್ತಬೇಕೆಂದು ಏಳಲು ಹೋದೆ, ಎರಡೂ ಬದಿ ಪೂರ್ತಿ ಕೇಳಬೇಕು ಎಂದು ನೆನಪಾಗಿ ಕೂತೆ. ಐದನೆಯದು ಶುರುವಾಯಿತು. ಒಡೆದ ದನಿ, ಒಂದು ಗಿಟಾರು. ಇಷ್ಟು ಒಳ್ಳೆಯ ಹಾಡು ಅವರು ನಲವತ್ತು ವರ್ಷದಲ್ಲಿ ಮಾಡಿಲ್ಲ. ಅಣ್ಣನ ಕಣ್ಣು ಮುಚ್ಚಿಯೇ ಇತ್ತು, ಬೆರಳು ತಾಳ ಹಾಕುತ್ತಲೇ ಇತ್ತು, ಹಿಂದಿನ ಹಾಡಿನ ತಾಳವನ್ನು. ಅತ್ತಿಗೆ ಬಾಗಿಲಿಗೆ ಬಂದು ನಿಂತಳು.

ಹಾಡು ಮುಗಿಯಿತು. ಸೂಜಿ ಕೊನೆಯ ಗೆರೆಯಲ್ಲಿ ಸರ್ ಸರ್ ಎಂದು ಸುತ್ತತೊಡಗಿತು. ಅಣ್ಣ ತಾಳ ಹಾಕುತ್ತಲೇ ಇದ್ದ. ತಲೆಯನ್ನೂ ಸಣ್ಣಗೆ ಆಡಿಸುತ್ತಿದ್ದ, ನಾನು ನೋಡುತ್ತಿರುತ್ತೇನೆ ಎಂದು ಅವನಿಗೆ ಗೊತ್ತು. ಒಂದು ನಿಮಿಷ ಆಗಿರಬಹುದು, ಎರಡು ಆಗಿರಬಹುದು. ಅತ್ತಿಗೆ ತಿರುಗುತ್ತಿದ್ದ ರೆಕಾರ್ಡನ್ನು ನೋಡಿದಳು, ಅವನನ್ನು ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದಳು. ನನಗೆ ಏಳಲಾಗಲಿಲ್ಲ. ಎದ್ದು ಸೂಜಿ ಎತ್ತಿದರೆ ಹಾಡು ಯಾವಾಗಲೋ ಮುಗಿದಿದೆ ಎಂದು ಅವನಿಗೆ ಗೊತ್ತಾಗುತ್ತದೆ.

ಕೊನೆಗೆ ಅವನೇ ಕಣ್ಣು ಬಿಟ್ಟ. ರೆಕಾರ್ಡಿನ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದ.

"ಚೆನ್ನಾಗಿದೆ ಮೊಂಡೀ" ಎಂದು ಕೂಗಿ ಹೇಳಿದ. "ಕಾದಿದ್ದು ಒಳ್ಳೇದಾಯ್ತು."

ಹೌದು ಎಂದೆ. ಅವನಿಗೆ ಕೇಳಿಸಲಿಲ್ಲ. ತಲೆ ಆಡಿಸಿದೆ. ಆಮೇಲೆ ಎದ್ದು ಇನ್ನೊಂದು ಬದಿ ಹಾಕಿದೆ.